ತಗ್ಗಿದ ಗಟ್ಟಿಮೇಳ

ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವುದೊಂದೇ ಚಟ: ಯಾವ ಪೆಟ್ಟಿಗೆಯಿಂದ ಬಂದರೂ ಸದ್ದು ಒಂದೇ ಅಳತೆಯಲ್ಲಿರಬೇಕು. ಟೀವಿಯಲ್ಲಿ ಧಾರಾವಾಹಿಯ ಸೊಸೆ ಪಿಸುಗುಟ್ಟಿ ಮುಗಿಸುವಷ್ಟರಲ್ಲಿ ಸೋಪಿನ ಜಾಹೀರಾತು ಅಬ್ಬರಿಸಿತೋ, ಹಾವು ಕಂಡವರಂತೆ ರಿಮೋಟಿಗೆ ಹಾರುತ್ತಾರೆ. ಹಾಸನದಿಂದ ಅವರ ಹುಟ್ಟೂರು ಹೊಳೆನರಸೀಪುರಕ್ಕೆ ಕಾರಿನಲ್ಲಿ ಹೋಗುವಾಗ ಒಂದು ಕೈ ಸ್ಟೀರಿಂಗಿನ ಮೇಲೆ, ಇನ್ನೊಂದು ವಾಲ್ಯೂಮಿನ ಮೇಲೆ. ಗೇರಿನ ಪಾಡು ದೇವರಿಗೇ ಪ್ರೀತಿ.

ದೋಷ ಅವರದಲ್ಲವಂತೆ, ಹಾಡುಗಳದಂತೆ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿದ್ದು ಕ್ಷೀಣ, ಸೀಡಿಯದು ಹದ, ಮೊಬೈಲಿಗೆ ಬಂದದ್ದು ಕಿವಿ ಕಿತ್ತುಹೋಗುವಷ್ಟು ಜೋರು. ಇದಕ್ಕೆಂದೇ ಒಂದು ಸಾಫ್ಟ್‌ವೇರ್ ಇದೆ. ಅದು ಪ್ರತಿ ಹಾಡನ್ನೂ ತೂಗಿ, ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂದು ಹಾಡಿನ ಬೆನ್ನಿಗೆ ಒಂದು ಗುರುತು ಅಂಟಿಸುತ್ತದೆ. ಕಂಪ್ಯೂಟರು ಆ ಗುರುತನ್ನು ಓದಿ ಹೇಳಿದ ಹಾಗೆ ಕೇಳುತ್ತದೆ. ಕಾರಿನ ಪ್ಲೇಯರು ಅದನ್ನು ಓದುವುದೇ ಇಲ್ಲ. ಟೀವಿಯಂತೂ ಕ್ಯಾರೇ ಅನ್ನುವುದಿಲ್ಲ. ಕೊನೆಗೆ ಇವರು ಗುರುತಿನ ಗೋಜೇ ಬೇಡವೆಂದು ಹಾಡುಗಳನ್ನೇ ತಿದ್ದಲು ಕೂತರು. ಹೈಸ್ಕೂಲ್ ಮೇಷ್ಟ್ರಲ್ಲವೇ, ತಿದ್ದುವುದಕ್ಕೆ ಏನಾದರೊಂದು ಬೇಕು.

ನಾನು ಕೊಣನೂರಿನವಳು. ನಮ್ಮೂರಿಗೆ ವಾರಕ್ಕೊಂದು ಸಂತೆ, ನಮ್ಮ ತವರಿನೊಳಗೆ ದಿನಾ ಸಂತೆ. ಉಪ್ಪು ಕೇಳಿದರೂ ಜಗಳ ಆಡಿದಂತೆ ಕೇಳಿಸುತ್ತದೆ. ಅಂಥ ಮನೆಯವಳಿಗೆ ಗಂಟುಬಿದ್ದದ್ದು ಈ ಒಂದೇ ದನಿಯ ಮನುಷ್ಯ. ಯಂತ್ರಗಳದ್ದಿರಲಿ, ಅವರ ಗಂಟಲೂ ಅದೇ ಅಳತೆ. ಕೊನೇ ಬೆಂಚಿನ ಹುಡುಗರಿಗೆ ಇವರ ಪಾಠ ಕೇಳಿಸಿದ್ದೇ ಇಲ್ಲವಂತೆ. ನಾನು ಜಗಳಕ್ಕೆ ನಿಂತರೆ, “ಅಡುಗೆಮನೆಗೆ ಕೇಳ್ಸಿದ್ರೆ ಸಾಕು ಕಣೆ, ಬೀದಿಗ್ಯಾಕೆ?” ಅನ್ನುತ್ತಾರೆ. ಸಾರು ರುಚಿಯಾಗಿದ್ದ ದಿನ “ಚೆನ್ನಾಗಿದೆ” ಅಂದ ದನಿಯಲ್ಲೇ, ನನ್ನ ತಂದೆ ತೀರಿಕೊಂಡ ದಿನ “ಹೊರಡೋಣ” ಅಂದಿದ್ದರು.

ನಮಗೆ ಒಬ್ಬಳೇ ಮಗಳು. ಅವಳಿಗೆ ಅರಕಲಗೂಡಿನ ಸಂಬಂಧ ನಿಶ್ಚಯವಾದ ದಿನ ನಾನು ಸೆರಗಿನಲ್ಲಿ ಮೂಗು ಒರೆಸುತ್ತ ನಿಂತಿದ್ದರೆ, ಇವರು, “ಒಳ್ಳೇದಾಯ್ತು. ದೋಸೆ ಹಿಟ್ಟಿದ್ಯಾ?” ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ನನ್ನ ತಾಯಿ ಸುಮ್ಮನಿರುವ ಪೈಕಿ ಅಲ್ಲ. “ನಮ್ ಅಳೀದೇವ್ರಿಗೆ ಮಗಳು ಓಯ್ತಾಳೆ ಅನ್ನೋ ಸಂಕ್ಟಾನೇ ಇಲ್ವೇನವ್ವಾ? ಕಲ್ಲಂಗೆ ಕೂತವ್ರಲ್ಲ!” ಎಂದರು.

ತಾಯಿಯ ಮುಂದೆ ನಾನು ಗಂಡನನ್ನು ಬಿಟ್ಟುಕೊಡಲಿಲ್ಲ. ಆದರೆ ಒಳಗೆ ನನ್ನದೂ ಅದೇ ಪ್ರಶ್ನೆ. ಇಷ್ಟು ವರ್ಷ ಜೊತೆಗೆ ಬಾಳಿಯೂ ಈ ಮನುಷ್ಯನ ಎದೆಯೊಳಗೆ ಏನಾದರೂ ಏಳುತ್ತದೆಯೋ ಇಲ್ಲವೋ ಗೊತ್ತಾಗಿರಲಿಲ್ಲ. ಮಗಳನ್ನು ಕಳಿಸಿದ ಮೇಲೆ, ಮನೆಯಲ್ಲಿ ಇವರೊಬ್ಬರ ಎದುರು ಹೇಗೆ ಕೂರಲಿ ಎಂದು ಹೆದರಿಕೆಯಾಗುತ್ತಿತ್ತು.

ಹಾಸನದಲ್ಲಿ ಛತ್ರ ಸಿಗದೆ ಚನ್ನರಾಯಪಟ್ಟಣದಲ್ಲಿ ಹಿಡಿದೆವು. ಅವತ್ತು ಎಲ್ಲೆಲ್ಲೂ ಮದುವೆಯೇ, ವಾಲಗದವರು ಒಬ್ಬರೂ ಬಿಡುವಿಲ್ಲ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ನಮ್ಮವರು ಅಲ್ಲಿ ಇಲ್ಲಿ ರೆಕಾರ್ಡ್ ಮಾಡಿದ್ದ ನಾದಸ್ವರವನ್ನೆಲ್ಲ ಕಲೆಹಾಕಿ, ತಿದ್ದಿ ತೀಡಿ, ಪೆನ್‌ಡ್ರೈವಿಗೆ ತುಂಬಿದರು. ಹಿಂದಿನ ಸಂಜೆ ಮೈಕ್‌ಸೆಟ್ಟಿನವನ ಆಂಪ್ಲಿಫೈಯರ್ ಮುಂದೆ ಕೂತು, ವಾಲ್ಯೂಮಿನ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿಗೆ ನನ್ನ ಹಣೆಬೊಟ್ಟಿನ ಪ್ಯಾಕೆಟ್ಟಿನಿಂದ ಒಂದು ಸ್ಟಿಕ್ಕರ್ ಕಿತ್ತು ಅಂಟಿಸಿದರು.

“ಇದನ್ನ ಮುಟ್ಬೇಡಪ್ಪ. ಎಲ್ಲಾ ಒಂದೇ ಸಮ ಬರುತ್ತೆ.”

“ಎಲ್ಲಾನೂವೆ ಸಾ?” ಅವನು ಅನುಮಾನದಿಂದ ಕೇಳಿದ.

“ಎಲ್ಲಾನೂ.”

ಮದುವೆಯಲ್ಲಿ ಎಲ್ಲವೂ ಒಂದೇ ಸಮ ಇರಕೂಡದು. ತಾಳಿ ಕಟ್ಟುವ ಗಳಿಗೆಗೆ ಪುರೋಹಿತರು ಬೆರಳೆತ್ತಿ “ಗಟ್ಟಿಮೇಳ” ಅಂದರೆ, ವಾಲಗದವರು ಕೆನ್ನೆ ಉಬ್ಬಿಸಿ ಊದಿ, ಡೋಲು ಹರಿದುಹೋಗುವಂತೆ ಬಾರಿಸುತ್ತಾರೆ. ಸೀನು, ಜಗಳ, ಅಳು, ಇಂಥ ಯಾವ ಕೆಟ್ಟ ಸದ್ದೂ ಆ ಹೊತ್ತಿನಲ್ಲಿ ಹುಡುಗ ಹುಡುಗಿಯ ಕಿವಿಗೆ ಬೀಳಬಾರದು ಎಂದೇ ಆ ಅಬ್ಬರ. ನಮ್ಮವರು ಅದನ್ನೂ ತೂಗಿ ತಗ್ಗಿಸಿದ್ದರು.

“ಗಟ್ಟಿಮೇಳ, ಗಟ್ಟಿಮೇಳ!” ಪುರೋಹಿತರು ಕೂಗಿದರು. ಡೋಲು ಬಿರುಸಾಯಿತು, ಜೋರಾಗಲಿಲ್ಲ. ಪಕ್ಕದ ಛತ್ರದಲ್ಲಿ ಇನ್ಯಾರದೋ ಮದುವೆ ನಡೆಯುತ್ತಿದ್ದ ಹಾಗಿತ್ತು. ನಿಜವಾದ ಗಟ್ಟಿಮೇಳ ಇನ್ನೂ ಬರಬೇಕೇನೋ ಎಂದು ಜನ ಅಕ್ಷತೆ ಹಿಡಿದ ಕೈ ಎತ್ತಿಕೊಂಡೇ ಕಾದರು. ಊಟದ ಹಾಲಿನಿಂದ “ಲೇ, ಈ ಸಾಲ್ಗೆ ಉಪ್ಪಾಕ್ಲಾ!” ಎಂದದ್ದು ವೇದಿಕೆಗೆ ಸ್ಪಷ್ಟವಾಗಿ ಕೇಳಿಸಿತು. ಪುರೋಹಿತರು ಮತ್ತೊಮ್ಮೆ ಬೆರಳಾಡಿಸಿ ಸೋತು, ಅಳಿಯನಿಗೆ ಸನ್ನೆ ಮಾಡಿದರು. ಅವನು ಮೊದಲ ಗಂಟು ಹಾಕಿದ.

ಆಗ ನನ್ನ ಪಕ್ಕದಲ್ಲೇ ಒಂದು ಸದ್ದಾಯಿತು. ಬಿಕ್ಕಳಿಕೆ ಎಂದುಕೊಂಡೆ. ತಿರುಗಿದರೆ, ಧಾರೆ ಎರೆದ ಚೊಂಬನ್ನು ಎದೆಗೆ ಅವುಚಿಕೊಂಡು ನನ್ನ ಗಂಡ ಅಳುತ್ತಿದ್ದಾರೆ. ಸಣ್ಣಗೆ ಅಲ್ಲ, ಸಂತೆಯಲ್ಲಿ ಕೈತಪ್ಪಿದ ಮಗುವಿನ ಹಾಗೆ ಗೋಳೋ ಎಂದು, ಕೊನೇ ಸಾಲಿನ ಕುರ್ಚಿಯವರಿಗೂ ಕೇಳಿಸುವಂತೆ. ಇಂಥದ್ದನ್ನು ಮುಚ್ಚಲೆಂದೇ ಹಿರಿಯರು ಗಟ್ಟಿಮೇಳ ಮಾಡಿಟ್ಟಿದ್ದರು. ಮಗಳು ತಗ್ಗಿಸಿದ್ದ ತಲೆಯನ್ನು ಎತ್ತಿ ಅಪ್ಪನನ್ನೇ ನೋಡಿದಳು.

“ಅಯ್ಯೋ, ಅಪಸಕ್ನ ಕಣ್ರಪ್ಪಾ! ವಾಲ್ಗ ಜೋರ್ ಮಾಡ್ರೋ!” ಎಂದು ಬೀಗರ ಕಡೆಯ ಅಜ್ಜಿ ಕೂಗಿದರು. ಮೈಕ್‌ಸೆಟ್ಟಿನವನು ಗುಂಡಿಗೆ ಕೈ ಹಾಕಿದವನು, ಬೊಟ್ಟು ನೋಡಿ ತಡೆದು, ಅಪ್ಪಣೆಗೆಂದು ವೇದಿಕೆಯ ಕಡೆ ತಲೆಯೆತ್ತಿದ. ಇವರು ಅಪ್ಪಣೆ ಕೊಡುವ ಸ್ಥಿತಿಯಲ್ಲಿರಲಿಲ್ಲ. ಅವನು ನನ್ನ ಮುಖ ನೋಡಿದ.

ಶಕುನಕ್ಕೆ ನಾನು ಹೆದರುವವಳೇ. ಬೆಕ್ಕು ಅಡ್ಡ ಬಂದರೆ ಮನೆಗೆ ವಾಪಸು ಬಂದು, ಕೂತು, ನೀರು ಕುಡಿದು ಹೊರಡುತ್ತೇನೆ. ಆದರೂ ಕೈಯಾಡಿಸಿ ಬೇಡ ಎಂದೆ. ಇನ್ನೂ ಎರಡು ಗಂಟು ಬಾಕಿ ಇದ್ದವು. ಅಷ್ಟು ಹೊತ್ತಾದರೂ ನನಗೆ ಅದನ್ನು ಕೇಳಬೇಕಿತ್ತು.