ದೇವರು ಮುದಗಲ್ಲಿಗೆ ಹೋಗಿದ್ದಾಗ

ನಮ್ಮ ಮನೆಯಲ್ಲಿ ಕೋಳಿ ಹೆಚ್ಚುವ ಈಳಿಗೆ ಬೇರೆ, ಕಾಯಿಪಲ್ಯ ಹೆಚ್ಚುವ ಈಳಿಗೆ ಬೇರೆ. ನನ್ನ ಸೊಸೆಯಂದಿರು ಇದನ್ನು ಮುದುಕಿಯ ಮಡಿ ಎಂದು ನಗುತ್ತಾರೆ. ನಗಲಿ. ಮಡಿಯೂ ಇಲ್ಲ, ಗಿಡಿಯೂ ಇಲ್ಲ. ಹಸಿ ಮಾಂಸ ಮುಟ್ಟಿದ ಕೈಯನ್ನು ಹಾಗೇ ನೀರಿನ ಕೊಡಕ್ಕೆ ಅದ್ದಿದ ಸಣ್ಣ ಸೊಸೆಯ ಮುಂಗೈ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋದದ್ದೂ ಉಂಟು. ಮುಖ ಊದಿಸಿಕೊಂಡು ಕೂತಳು, ಕೂರಲಿ. ಯಾಕೆ ಹೀಗೆ ಎಂದು ಅವರು ಕೇಳಿಲ್ಲ, ನಾನಾಗಿ ಹೇಳಿಯೂ ಇಲ್ಲ.

ನಿಜಾಮನ ಕಾಲದ ಮಾತು. ಮಸ್ಕಿಯಲ್ಲಿ ನಮ್ಮದು ಒಕ್ಕಲುತನದ ಮನೆ. ಅಪ್ಪ, ಅವ್ವ, ಅಪ್ಪನ ತಾಯಿ ಅಜ್ಜಿ, ಮತ್ತೆ ನಾನು. ಅಕ್ಕನನ್ನು ಜವಳಗೇರಾಕ್ಕೆ ಕೊಟ್ಟಿದ್ದರು. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಎಂಟು ತಿಂಗಳು ತುಂಬುತ್ತ ಬಂದಿತ್ತು. ಮನೆಮಂದಿಯ ಜೀವವೆಲ್ಲ ಹುಟ್ಟಲಿರುವ ಆ ಕೂಸಿನ ಮೇಲೆ. ಅಜ್ಜಿಯಂತೂ ಹಳೇ ಸೀರೆಗಳನ್ನೆಲ್ಲ ಒಗೆದು, ಹರಿದು, ಕೂಸಿಗೆ ಹೊದಿಸಲು ಮೆತ್ತಗಿನ ದುಬಟಿ ಹೊಲಿದು ಇಟ್ಟಿದ್ದಳು.

ಅಡುಗೆಮನೆಯ ಮೂಲೆಯಲ್ಲೇ ದೇವರ ಜಗಲಿ, ಅದರ ಮೇಲೆ ಬೆಳ್ಳಿಯ ದೇವರು. ಅದಕ್ಕೇ ಹಸಿ ಮಾಂಸ ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಕೋಳಿ ಹೆಚ್ಚುವುದು, ತೊಳೆಯುವುದು ಎಲ್ಲ ದನದ ಕೊಟ್ಟಿಗೆಯ ಮಗ್ಗುಲಲ್ಲಿ. ಅದರ ಈಳಿಗೆಯೂ ಅಲ್ಲೇ, ಪರಾತವೆಂಬ ಅಗಲ ತಟ್ಟೆಯೂ ಅಲ್ಲೇ. ಬೇಯಿಸುವುದು ಅಂಗಳದ ಒಲೆಯ ಮೇಲೆ. ಹೆಚ್ಚಿದವಳು ಬೂದಿ ಹಚ್ಚಿ ಕೈ ತಿಕ್ಕಿ, ಬಿಸಿನೀರು ಹಾಕಿಕೊಂಡು, ಸೀರೆ ಬದಲಿಸಿಯೇ ಒಳಗೆ ಬರಬೇಕು. ಅಜ್ಜಿ ಹೊಸ್ತಿಲಲ್ಲಿ ಪೊಲೀಸನ ಹಾಗೆ ಕೂತು ಅವ್ವನ ಕೈ ಮೂಸಿ ನೋಡುತ್ತಿದ್ದಳು. ದೇವರಿಗೆ ಆಗುವುದಿಲ್ಲ, ಅಷ್ಟೇ ಕಾರಣ. ಅದು ನಮಗೆ ಆಗುತ್ತದೋ ಇಲ್ಲವೋ ಎಂದು ಯಾರೂ ಯೋಚಿಸಿರಲಿಲ್ಲ.

ಆ ವರ್ಷ ದೇವರು ಸವೆದು ಹೋಗಿದ್ದ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕಣ್ಣು, ಮೂಗು ಒಂದೂ ಉಳಿದಿರಲಿಲ್ಲ. ಹೊಸದಾಗಿ ಮಾಡಿಸಲು ಅಪ್ಪ ಮುದಗಲ್ಲಿನಲ್ಲಿ ಬೆಳ್ಳಿ ಬಂಗಾರದ ಕೆಲಸ ಮಾಡುವ ಪತ್ತಾರನ ಬಳಿಗೆ ಒಯ್ದ. ಬೆಳ್ಳಿ ಕೊಟ್ಟು ಎದ್ದು ಬಂದರೆ ದೇವರು ಬಡಕಲಾಗುತ್ತಾನೆಂದು ಅಜ್ಜಿಗೆ ಅನುಮಾನ. ಕೆಲಸ ಮುಗಿಯುವ ತನಕ ಪತ್ತಾರನ ಮುಂದೆಯೇ ಕೂತಿರು ಎಂದು ಹೇಳಿ ಕಳಿಸಿದ್ದಳು. ಅಪ್ಪ ತಾಯಿಯ ಮಾತು ಮೀರುವವನಲ್ಲ, ಅಲ್ಲೇ ಕೂತ.

ಅಷ್ಟರಲ್ಲಿ ಭಾವ ಅಕ್ಕನನ್ನು ನೋಡಲು ಬಂದ. ಅಳಿಯ ಬಂದ ಮೇಲೆ ಕೋಳಿ ಆಗಲೇಬೇಕು. ಆದರೆ ಉತ್ತರಿ ಮಳೆ ಹಿಡಿದುಕೊಂಡಿತ್ತು. ಅಂಗಳ ಕೆಸರಾಗಿ, ಹೊರಗಿನ ಒಲೆಯಲ್ಲಿ ನೀರು ನಿಂತಿತ್ತು. ಕೊಟ್ಟಿಗೆಯೂ ಸೋರುತ್ತಿತ್ತು. ಪುಕ್ಕ ತೆಗೆದ ಕೋಳಿಯನ್ನು ಹಿಡಿದುಕೊಂಡು ಅವ್ವ ಹೊಸ್ತಿಲ ಹೊರಗೆ ನೆನೆಯುತ್ತ ನಿಂತಳು.

"ಅತ್ತಿ, ಏನ್ ಮಾಡ್ಲಿರಿ?"

ಅಜ್ಜಿ ಖಾಲಿ ಜಗಲಿಯನ್ನೊಮ್ಮೆ ನೋಡಿದಳು.

"ಒಳಗ ಬಾರವಾ. ದೇವರು ಮುದಗಲ್ಲಿಗೆ ಹೋಗ್ಯಾನ. ಯಾರಿಗೆ ಮೈಲಿಗಿ ಆಕೈತಿ? ಅವ ಬರೂದ್ರಾಗ ಸಾರಿಸಿ ತಗದ್ರಾತು."

ಅವ್ವ ಒಳಗೆ ಬಂದಳು. ಕೊಟ್ಟಿಗೆಯ ಈಳಿಗೆ ತರಲು ಆ ಮಳೆಯಲ್ಲಿ ಮತ್ತೆ ಯಾರು ಹೋಗಬೇಕು? ಕಾಯಿಪಲ್ಯದ ಈಳಿಗೆಯಲ್ಲೇ ಕೋಳಿ ಹೆಚ್ಚಿ, ಒಳಗಿನ ಪರಾತಕ್ಕೆ ಹಾಕಿ ತೊಳೆದು, ಒಲೆಗೆ ಏರಿಸಿದಳು. ಈಳಿಗೆಗೂ ಪರಾತಕ್ಕೂ ಒಂದು ಚರಿಗೆ ತಣ್ಣೀರು ಸುರಿದು, ಅವುಗಳಲ್ಲೇ ಸೌತೆಕಾಯಿ, ಉಳ್ಳಾಗಡ್ಡಿ ಹೆಚ್ಚಿ ಹಸಿ ಪಚಡಿ ಕಲಸಿದಳು. ಬೂದಿ, ಬಿಸಿನೀರು ಇದ್ದದ್ದು ದೇವರಿಗಾಗಿ. ದೇವರೇ ಇಲ್ಲದಾಗ ಅವು ಯಾಕೆ? ಕೋಳಿ ಬೇಯುವ ತನಕ ಪಚಡಿ ಒಲೆಯ ಮಗ್ಗುಲಲ್ಲಿ ಬೆಚ್ಚಗೆ ಕೂತಿತ್ತು.

ಭಾವ ಸೌತೆಕಾಯಿ ಮುಟ್ಟುವವನಲ್ಲ, ಶೀತವಂತೆ. ಕೋಳಿ ಸಾರು ಸುರಿದುಕೊಂಡು ರೊಟ್ಟಿಯ ಮೇಲೆ ರೊಟ್ಟಿ ಮುರಿದ. ಅಜ್ಜ ತೀರಿಕೊಂಡ ಮೇಲೆ ಮಾಂಸ ಬಿಟ್ಟಿದ್ದ ಅಜ್ಜಿ ರೊಟ್ಟಿ, ಪಚಡಿ ಉಂಡಳು. ಬಸುರಿ ಅಕ್ಕನಿಗೆ ಪಚಡಿ ಎಂದರೆ ಪಂಚಪ್ರಾಣ.

"ಇನ್ನೊಂಚೂರು ಹಾಕಬೇ ಯವ್ವ" ಎಂದು ಕೇಳಿ ಕೇಳಿ ಹಾಕಿಸಿಕೊಂಡಳು.

"ತಿನ್ನಲಿ ಬಿಡು, ಕೂಸು ಬೇಡಾಕತ್ತೈತಿ" ಎಂದು ಅಜ್ಜಿ ನಕ್ಕಳು. ನಾನು ಕೋಳಿ, ಪಚಡಿ ಎರಡನ್ನೂ ಬಿಡಲಿಲ್ಲ. ಕೊನೆಗೆ ಅವ್ವ ಉಣ್ಣಲು ಕೂತಾಗ ಪಚಡಿ ಉಳಿದಿರಲಿಲ್ಲ.

ಮರುದಿನ ಸಂಜೆ ಮೊದಲು ನನಗೆ ಶುರುವಾಯಿತು, ಆಮೇಲೆ ಅಜ್ಜಿಗೆ, ಅಕ್ಕನಿಗೆ. ವಾಂತಿ, ಭೇದಿ, ಮೈ ಕೆಂಡ. ಹೈಜಾ ಬಂತೆಂದು ಓಣಿಯವರು ಬಾಗಿಲು ಹಾಕಿಕೊಂಡರು. ಕಾಲರಾಕ್ಕೆ ಆಗ ಹೈಜಾ ಎನ್ನುತ್ತಿದ್ದರು, ಆ ಹೆಸರು ಬಿದ್ದ ಮನೆಗೆ ಒಲೆ ಹೊತ್ತಿಸಲು ಬೆಂಕಿಯನ್ನೂ ಕೊಡುತ್ತಿರಲಿಲ್ಲ. ನಾನು ಬೇಗ ಚೇತರಿಸಿಕೊಂಡೆ. ಅಜ್ಜಿಗೆ ಏಳಲು ಆಗುತ್ತಿರಲಿಲ್ಲ, ಆದರೂ ಗಂಜಿ ದಕ್ಕತೊಡಗಿತ್ತು. ಅಕ್ಕನ ಜ್ವರ ಮಾತ್ರ ಇಳಿಯಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಯವ್ವ, ಕೂಸು ಮಿಸುಕಾಡವಲ್ದು" ಎಂದಳು.

ಭಾವ ಗಾಡಿ ಹೂಡಿದ. ನೆರೆಯವಳೊಬ್ಬಳ ಕೈಕಾಲು ಹಿಡಿದು ಅಜ್ಜಿಯ ಹತ್ತಿರ ಕೂರಿಸಿ, ಅವ್ವ ಅಕ್ಕನನ್ನೂ ನನ್ನನ್ನೂ ಲಿಂಗಸುಗೂರಿನ ದವಾಖಾನೆಗೆ ಕರೆದುಕೊಂಡು ಹೋದಳು. ದಾರಿಯುದ್ದಕ್ಕೂ ಗಾಡಿ ಕುಲುಕಿದಾಗಲೆಲ್ಲ ಅಕ್ಕನ ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು.

ಡಾಕ್ಟರು ನೋಡಿ, ಹೈಜಾ ಅಲ್ಲ ಎಂದರು. ಮನೆಯಲ್ಲಿ ಯಾರ್ಯಾರಿಗೆ ಆಗಿದೆ, ಯಾರಿಗೆ ಆಗಿಲ್ಲ, ಯಾರು ಏನು ಉಂಡಿದ್ದರು ಎಂದು ಕೇಳಿದರು. ಅವ್ವ ಹೇಳುತ್ತ ಹೋದಳು. ಹೇಳುತ್ತ ಹೇಳುತ್ತ ಅವಳ ದನಿ ಸಣ್ಣದಾಯಿತು. ಕೋಳಿಯನ್ನೇ ಉಂಡ ಅವಳೂ ಭಾವನೂ ಗಟ್ಟಿಮುಟ್ಟಾಗಿ ಅಲ್ಲಿ ನಿಂತಿದ್ದರು. ಕೋಳಿ ಮುಟ್ಟದ ಅಜ್ಜಿ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು.

"ಪಚಡಿ ಯಾವುದ್ರಾಗ ಹೆಚ್ಚಿದ್ಯವ್ವ?" ಎಂದರು ಡಾಕ್ಟರು.

ಅವ್ವ ಹೇಳಿದಳು.

"ಹಸಿ ಕೋಳಿ ಹೊಲಸು ಬೆಂಕಿಗೆ ಸಾಯ್ತೈತಿ. ಪಚಡಿಗೆ ಬೆಂಕಿ ಎಲ್ಲಿ ತೋರಿಸಿದಿ?"

ಅವರು ಬೈಯಲಿಲ್ಲ, ಮೆತ್ತಗೇ ಹೇಳಿದರು.

ಅಕ್ಕ ಬದುಕಿದಳು. ಕೂಸು ದವಾಖಾನೆಯಲ್ಲೇ ಹುಟ್ಟಿತು, ಅಳಲಿಲ್ಲ. ಗಂಡುಕೂಸು, ತಲೆತುಂಬ ಕೂದಲು. ಮಲಗಿದೆ ಎಂದೇ ನಾನು ತಿಳಿದಿದ್ದೆ.

ನಾವು ಮಸ್ಕಿಗೆ ಮರಳಿದ ಮೇಲೆ ಅಪ್ಪ ಹೊಸ ದೇವರನ್ನು ತಂದ. ಎದ್ದು ಓಡಾಡುವಂತಾಗಿದ್ದ ಅಜ್ಜಿ ಜಗಲಿ ಸಾರಿಸಿ ಕೂರಿಸಿ, ಗಲ್ಲ ಗಲ್ಲ ಬಡಿದುಕೊಂಡಳು.

"ತಪ್ಪಾತೋ ನಮ್ಮಪ್ಪ! ನೀ ಇಲ್ಲಂತ ತಿಳದ್ವಿ. ಸಿಟ್ಟಿಗೆದ್ದು ಕೂಸಿನ್ನ ಒಯ್ದಿ."

ಅತ್ತೆಗೆ ಎಂದೂ ಎದುರು ಮಾತಾಡದ ಅವ್ವ ಬಾಯಿ ಬಿಟ್ಟಳು. "ಅತ್ತಿ, ದೇವರು ಏನೂ ಮಾಡಿಲ್ರಿ. ಈಳಿಗಿದ್ರಿ ಅದು. ನೀವು ಕೋಳಿ ಉಂಡೇ ಇಲ್ಲ, ನಿಮಗ್ಯಾಕ ಬಂತು?"

"ದವಾಖಾನಿ ಮಾತು ಮನ್ಯಾಗ ತರಬ್ಯಾಡ" ಎಂದು ಅಜ್ಜಿ ಗದರಿದಳು.

ಅಕ್ಕ ಗೋಡೆಗೆ ಆತು ಕೂತಿದ್ದಳು. ಕುಡಿಯುವ ಬಾಯಿ ಇಲ್ಲದೆ ಹಾಲು ಕಟ್ಟಿ ಬಾತಿದ್ದ ಎದೆಗೆ ಬಟ್ಟೆ ಬಿಗಿದಿದ್ದರು. ದವಾಖಾನೆಯಿಂದ ಬಂದಾಗಿನಿಂದ ಒಂದು ಮಾತೂ ಆಡಿರದವಳು ಅವ್ವನ ಕಡೆಗೆ ತಿರುಗಿದಳು.

"ಯವ್ವ, ದೇವರು ಮನ್ಯಾಗ ಇದ್ದಿದ್ರ ನನ್ನ ಕೂಸು ಉಳೀತಿತ್ತೇನು?"

ಅಜ್ಜಿಯೂ ಅವ್ವನ ಮುಖ ನೋಡಿದಳು. ದೇವರು ಇದ್ದಿದ್ದರೆ ಅವ್ವ ಸೋರುವ ಕೊಟ್ಟಿಗೆಯಲ್ಲೇ ಕೂತು, ಅಲ್ಲಿನ ಈಳಿಗೆಯಲ್ಲೇ ಕೋಳಿ ಹೆಚ್ಚುತ್ತಿದ್ದಳು. ಬೂದಿ ಹಚ್ಚಿ ಕೈ ತೊಳೆದೇ ಸೌತೆಕಾಯಿ ಮುಟ್ಟುತ್ತಿದ್ದಳು. ಹೆತ್ತ ಮಗಳಿಗೆ ಸುಳ್ಳು ಹೇಳಲು ಅವಳಿಗೆ ಬಾಯಿ ಬರಲಿಲ್ಲ.

"ಹೂನವ್ವ" ಎಂದಳು, "ಉಳೀತಿತ್ತು."