ಅಣ್ಣ ರುಚಿ ನೋಡಿದ ಚಟ್ನಿ

ಹೋದ ತಿಂಗಳ ಒಂದು ಭಾನುವಾರ ನನ್ನ ಕೈಗೆ ಒಂದು ತಟ್ಟೆ ಬಂತು. ಎರಡು ಇಡ್ಲಿ, ಪಕ್ಕದಲ್ಲಿ ತೆಂಗಿನಕಾಯಿ ಚಟ್ನಿ. ಕೊಟ್ಟವರು ಹೋಟೆಲಿನ ಮಾಲೀಕರು. ಅದೇ ಹೋಟೆಲಿನ ಚಟ್ನಿ ತಿಂದ ದಿಲ್ಲಿಯ ರೋಹಿಣಿ ಬಡಾವಣೆಯ ಮಕ್ಕಳು ವಾಂತಿ ಮಾಡಿಕೊಳ್ಳುತ್ತಿದ್ದಾರೆ ಎಂದು ಫೋನು ಬಂದು ಇನ್ನೂ ಸ್ವಲ್ಪ ಹೊತ್ತಾಗಿತ್ತು ಅಷ್ಟೇ.

"ತಿನ್ನಿ ಮೇಡಂ. ನಿಮಗೂ ನಮ್ಮ ಮೇಲೆ ನಂಬಿಕೆ ಇಲ್ವಾ?" ಎಂದರು ಮಾಲೀಕರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ ಕೊಡುವ ಮೊದಲು ಇನ್ನೊಂದು ವಿಷಯ ಕೇಳಿಸಿಕೊಳ್ಳಿ. ಹನ್ನೊಂದು ವರ್ಷದ ನನ್ನ ಮಗಳು ಮೇಘಾ ಅದೇ ಚಟ್ನಿಯನ್ನು ಆಗಲೇ ಎರಡು ಬಟ್ಟಲು ಖಾಲಿ ಮಾಡಿ, ಬೆರಳು ನೆಕ್ಕುತ್ತಾ ಕೂತಿದ್ದಳು.

ಹೋಟೆಲಿನ ಹೆಸರು ಹೇಳುವುದಿಲ್ಲ. (ದಿಲ್ಲಿಯ ಕನ್ನಡಿಗರು ಊಹಿಸಲು ಹೊರಡಬೇಡಿ, ತಪ್ಪು ಊಹಿಸಿ ಇನ್ಯಾರದೋ ವ್ಯಾಪಾರ ಕೆಡಿಸುತ್ತೀರಿ.) ಕರೋಲ್ ಬಾಗಿನಲ್ಲಿ ಶುರುವಾಗಿ, ಆಮೇಲೆ ರೋಹಿಣಿ, ನಮ್ಮ ಆರ್.ಕೆ.ಪುರಂ, ಈಚೆಗೆ ನೋಯ್ಡಾ ಎಂದು ನಾಲ್ಕು ಬ್ರಾಂಚ್ ಆಗಿದೆ. ಅಡುಗೆಮನೆ ಮಾತ್ರ ಒಂದೇ. ಕರೋಲ್ ಬಾಗಿನ ಹೋಟೆಲಿನ ಹಿಂಭಾಗದಲ್ಲೇ ಹಿಟ್ಟು, ಸಾಂಬಾರು, ಚಟ್ನಿ ಎಲ್ಲ ತಯಾರಾಗಿ, ಬೆಳಕು ಹರಿಯುವ ಹೊತ್ತಿಗೆ ವ್ಯಾನುಗಳಲ್ಲಿ ಉಳಿದ ಮೂರೂ ಕಡೆಗೆ ಹೊರಡುತ್ತದೆ.

ಮಾಲೀಕರಿಗೆ ಒಂದು ಹೆಸರಿದೆ. ಆದರೆ ಯಾರೂ ಅದನ್ನು ಬಳಸುವುದಿಲ್ಲ. ಮ್ಯಾನೇಜರಿನಿಂದ ಹಿಡಿದು ತಟ್ಟೆ ಎತ್ತುವವನವರೆಗೆ ಎಲ್ಲರಿಗೂ ಅವರು ಅಣ್ಣ. ಒಂದು ಕಾಲದಲ್ಲಿ ಇದೇ ಒಲೆ ಮುಂದೆ ನಿಂತು ದೋಸೆ ಹುಯ್ದವರು. ಅಡುಗೆಮನೆಗೆ ಹೋಗುವ ಓಣಿಯಲ್ಲಿ ಒಂದು ಬೆಂಚು ಹಾಕಿಸಿದ್ದಾರೆ. ಅದು ಕನ್ನಡದವರಿಗೆ ಮೀಸಲು. ಹೊರಗೆ ಭಾನುವಾರದ ಕ್ಯೂ ಮೆಟ್ಟಿಲು ಇಳಿದು ರಸ್ತೆ ತಲುಪಿದ್ದರೂ ನಾವು ಒಳಗೆ ನುಗ್ಗಿ ಆರಾಮಾಗಿ ಕೂತು ತಿನ್ನುತ್ತೇವೆ. ಈ ಪಕ್ಷಪಾತ ತಪ್ಪು ಎಂದು ಗೊತ್ತು. ಇಡ್ಲಿ ಬಿಸಿಯಾಗಿರುತ್ತದೆ, ಅದೂ ಗೊತ್ತು.

ಆ ಅಡುಗೆಮನೆಯಲ್ಲಿ ಒಂದು ಪದ್ಧತಿ ಇದೆ. ಬೆಳಿಗ್ಗೆ ವ್ಯಾನುಗಳು ಹೊರಡುವ ಮುಂಚೆ ಅಣ್ಣ ಬರುತ್ತಾರೆ. ಅವರ ಅಂಗೈಗೆ ಒಂದು ಚಮಚ ಚಟ್ನಿ ಬೀಳುತ್ತದೆ. ಕಣ್ಣು ಮುಚ್ಚಿ ಚಪ್ಪರಿಸುತ್ತಾರೆ. ಎಲ್ಲರೂ ಕೈ ಕಟ್ಟಿ ನಿಂತಿರುತ್ತಾರೆ. "ಫಸ್ಟ್ ಕ್ಲಾಸ್" ಎಂದರೆ ವ್ಯಾನು ಹೊರಡಬಹುದು. ತಲೆ ಅಲ್ಲಾಡಿಸಿದರೆ ಇಡೀ ಪಾತ್ರೆ ಮೋರಿಗೆ. ಕಾಯಿ ಯಾವ ಊರಿನದು ಎಂದು ಬರೀ ರುಚಿ ನೋಡಿ ಹೇಳುತ್ತಾರಂತೆ. (ನಾನು ಪರೀಕ್ಷೆ ಮಾಡಲು ಹೋಗಿಲ್ಲ.) ಅಣ್ಣ ರುಚಿ ನೋಡಿದ ಮೇಲೆ ಇನ್ನೊಬ್ಬರು ನೋಡುವ ಹಾಗಿಲ್ಲ. ಯಾರೂ ಹಾಗೆಂದು ಬೋರ್ಡು ಬರೆದು ಹಾಕಿಲ್ಲ, ಆದರೂ ಹಾಗಿಲ್ಲ.

ಒಂದು ವರ್ಷದ ಹಿಂದೆ ಅಣ್ಣ ಆಪರೇಷನ್ಸ್ ಮ್ಯಾನೇಜರ್ ಎಂದು ಫ್ಲೇವಿಯಾಳನ್ನು ಸೇರಿಸಿಕೊಂಡರು. ಮಂಗಳೂರಿನ ಹುಡುಗಿ, ಇಲ್ಲಿಯ ದೊಡ್ಡ ಸ್ಟಾರ್ ಹೋಟೆಲಿನಲ್ಲಿ ಕೆಲಸ ಮಾಡಿದವಳು. ಬಂದವಳೇ ಎಲ್ಲರ ತಲೆಗೆ ಟೋಪಿ, ಕೈಗೆ ಗ್ಲೌಸ್ ಹಾಕಿಸಿದಳು. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಇಡಬೇಕು ಎಂದಾಗ ಮಾತ್ರ ಅಣ್ಣ ನಕ್ಕುಬಿಟ್ಟರು. "ನನ್ನ ನಾಲಿಗೆಗಿಂತ ದೊಡ್ಡ ಥರ್ಮಾಮೀಟರ್ ಉಂಟಾ ಮಾರಾಯ್ತಿ?" ಎಂದರು. ಅಡುಗೆಮನೆಯೂ ನಕ್ಕಿತು. ಬೆಂಚಿನಲ್ಲಿ ಕೂತಿದ್ದ ನಾನೂ ನಕ್ಕಿದ್ದೆ.

ಇನ್ನು ಆ ಭಾನುವಾರಕ್ಕೆ ಬರೋಣ. ಮೇ ತಿಂಗಳ ಬಿಸಿಲು, ಬೆಳಿಗ್ಗೆಯಿಂದ ಕರೆಂಟಿಲ್ಲ, ಜನರೇಟರ್ ರಿಪೇರಿಗೆ ಹೋಗಿದೆ. ಮೇಘಾಳ ತಿಂಡಿ, ನನ್ನ ಬರೀ ಕಾಫಿ ಮುಗಿಯುವ ಹೊತ್ತಿಗೆ ರೋಹಿಣಿ ಬ್ರಾಂಚಿನಿಂದ ಫೋನು. ಯಾರದೋ ಮನೆಯಲ್ಲಿ ಮಗುವಿನ ಹುಟ್ಟುಹಬ್ಬದ ಹವನ, ತಿಂಡಿಗೆ ಇಲ್ಲಿಂದಲೇ ಇಡ್ಲಿ ಪಾರ್ಸೆಲ್. ತಿಂದ ಮಕ್ಕಳು ಒಂದೊಂದಾಗಿ ಹೊಟ್ಟೆ ಹಿಡಿದುಕೊಂಡು ಮಲಗಿವೆ, ನರ್ಸಿಂಗ್ ಹೋಮಿಗೆ ಸೇರಿಸಿದ್ದಾರೆ. ಮಗುವಿನ ಅಪ್ಪ ಕೌಂಟರಿನ ಮುಂದೆ ನಿಂತು ಕೂಗಾಡುತ್ತಿದ್ದಾನೆ, ಟಿವಿ ಚಾನೆಲಿನವರನ್ನು ಕರೆಸುತ್ತೇನೆ ಎನ್ನುತ್ತಿದ್ದಾನೆ.

ಫ್ಲೇವಿಯಾ ಫೋನು ಇಟ್ಟು ಒಂದೇ ಮಾತು ಹೇಳಿದಳು. "ಅಣ್ಣ, ನಾಲ್ಕೂ ಬ್ರಾಂಚ್ ಈಗಲೇ ಬಂದ್ ಮಾಡಬೇಕು."

"ಭಾನುವಾರವಾ? ಶಟರ್ ಎಳೆದರೆ ತಪ್ಪು ಒಪ್ಪಿಕೊಂಡ ಹಾಗೆ. ನಾಳೆಯಿಂದ ಯಾರು ಬರ್ತಾರೆ?"

"ಚಟ್ನಿ ನಾಲ್ಕೂ ಕಡೆ ಒಂದೇ ಅಣ್ಣ. ಈ ನಿಮಿಷವೂ ಜನ ತಿಂತಾ ಇದ್ದಾರೆ."

"ಚಟ್ನಿ ನಾನು ರುಚಿ ನೋಡಿದ್ದೇನೆ."

 ಮೇಘಾಳ ಮುಖ ನೋಡಿದೆ. ಹಣೆ ಮುಟ್ಟಿದೆ. "ಕ್ಯಾ ಹೈ ಮಮ್ಮಾ?" ಎಂದು ಕೈ ತಳ್ಳಿದಳು.

ಅಣ್ಣ ಚಟ್ನಿಯ ಪಾತ್ರೆ ತರಿಸಿದರು. ಒಂದು ಬಟ್ಟಲು ತುಂಬಾ ಹಾಕಿಸಿಕೊಂಡರು. ಎಲ್ಲರೂ ನೋಡುತ್ತಿದ್ದಂತೆ, ನಿಂತಲ್ಲೇ, ಪಾಯಸ ಕುಡಿದ ಹಾಗೆ ಕುಡಿದುಬಿಟ್ಟರು. "ಹೇಳಿ, ಏನಾಗಿದೆ ನನಗೆ?" ಎಂದರು.

ಮುಂದೆ ನಡೆದದ್ದನ್ನು ನಾನು ಜನ್ಮದಲ್ಲಿ ಮರೆಯುವುದಿಲ್ಲ. ಹಿಟ್ಟು ರುಬ್ಬುವವನು ಮುಂದೆ ಬಂದು ಒಂದು ಇಡ್ಲಿ ತೆಗೆದುಕೊಂಡು ಚಟ್ನಿಯಲ್ಲಿ ಅದ್ದಿದ. ಅವನ ಹಿಂದೆ ಸಾಂಬಾರಿನವನು. ಅವನ ಹಿಂದೆ ಕ್ಯಾಷಿಯರ್. ಯಾರೂ ಹೇಳಿರಲಿಲ್ಲ, ಆದರೂ ಸಾಲು ನಿಂತಿತು. ಪ್ರಸಾದ ತೆಗೆದುಕೊಳ್ಳುವವರ ಹಾಗೆ ಒಬ್ಬೊಬ್ಬರೇ ಬಂದು ಅಣ್ಣನ ಮುಖ ನೋಡಿ ತಿಂದು ಹೋದರು. ನಮ್ಮ ಕಾರ್ಪೊರೇಟ್ ಮಂದಿ ಗುರ್‌ಗಾಂವಿನ ರೆಸಾರ್ಟುಗಳಲ್ಲಿ ಹಗ್ಗ ಎಳೆಸಿ, ಬಲೂನ್ ಊದಿಸಿ ಕಲಿಸಲು ಒದ್ದಾಡುವ ಟೀಮ್ ಸ್ಪಿರಿಟ್ ಇದೇ ತಾನೇ? ಇಲ್ಲಿ ಅದು ಪುಕ್ಕಟೆಯಾಗಿ ಉಕ್ಕಿ ಹರಿಯುತ್ತಿತ್ತು. ನೋಡಿ ನನಗೆ ಭಯವಾಯಿತು.

ಆಗಲೇ ನನ್ನ ಕೈಗೂ ತಟ್ಟೆ ಬಂದದ್ದು. ಎಷ್ಟೋ ವರ್ಷದ ಪರಿಚಯ, ದೊಡ್ಡವರು, ಕೈಯಾರೆ ಕೊಡುತ್ತಿದ್ದಾರೆ. ಬೇಡ ಎನ್ನಲು ಬಾಯಿ ಬರಲಿಲ್ಲ. ತಟ್ಟೆ ಹಿಡಿದು ನಿಂತೆ. ಪೆದ್ದಿಯ ಹಾಗೆ ಚಮಚವನ್ನೂ ಎತ್ತಿಕೊಂಡೆ.

ಸಾಲಿಗೆ ಸೇರದೆ ಉಳಿದವಳು ಫ್ಲೇವಿಯಾ ಒಬ್ಬಳೇ.

"ನಾನು ತಿನ್ನೋದಿಲ್ಲ ಅಣ್ಣ."

ಅಣ್ಣ ಅವಳ ಕಡೆ ತಿರುಗಿದರು. ಅವಳು ಮಾತು ಮುಂದುವರಿಸಿದಳು.

"ಎಲ್ಲರೂ ತಿಂದು ಮಲಗಿದರೆ ಆಸ್ಪತ್ರೆಗೆ ಓಡೋರು ಯಾರು? ಅಲ್ಲಿ ಡಾಕ್ಟರು ಕೇಳ್ತಿದ್ದಾರೆ, ಏನು ತಿಂದರು, ಅದು ಯಾವಾಗ ಮಾಡಿದ್ದು ಅಂತ. ನನಗೆ ಆ ಉತ್ತರ ಬೇಕು. ಚಟ್ನಿ ಬೇಡ."

"ನನ್ನ ಅಡುಗೆಮನೆಯಲ್ಲಿ ನನ್ನ ನಾಲಿಗೆ ಮೇಲೆ ಅನುಮಾನವಾ?" ಅಣ್ಣನ ಧ್ವನಿ ಏರಿರಲಿಲ್ಲ, ಇಳಿದಿತ್ತು. ಅದು ಇನ್ನೂ ಕಷ್ಟ. ಅವಳ ಕಣ್ಣಲ್ಲಿ ನೀರು ತುಂಬಿತು. ಆದರೂ ಕೈ ಚಾಚಲಿಲ್ಲ.

ಅಷ್ಟರಲ್ಲಿ ಮೇಘಾ ನನ್ನ ದುಪಟ್ಟಾ ಎಳೆದಳು. "ಮಮ್ಮಾ, ಹೊಟ್ಟೆ ಅಜೀಬ್ ಸಾ ಆಗ್ತಿದೆ, ಒಂಥರಾ."

ತಟ್ಟೆಯನ್ನು ಬೆಂಚಿನ ಮೇಲೆ ಕುಕ್ಕಿದೆ. ದಾಕ್ಷಿಣ್ಯವೆಲ್ಲ ಎಲ್ಲಿ ಹೋಯಿತೋ. "ಈ ಚಟ್ನಿ ಯಾವಾಗ ರುಬ್ಬಿದ್ದು? ಯಾರಾದ್ರೂ ಬಾಯಿ ಬಿಡ್ತೀರಾ?" ಎಂದೆ. ಕಚೇರಿಯಲ್ಲೂ ನಾನು ಅಷ್ಟು ಜೋರಾಗಿ ಮಾತಾಡಿದ್ದಿಲ್ಲ.

ಎಲ್ಲರೂ ಗೋಪಾಲನ ಕಡೆ ನೋಡಿದರು. ಗೋಪಾಲ ಚಟ್ನಿಯ ಉಸ್ತುವಾರಿ ನೋಡುವವನು, ಅಣ್ಣನ ಜೊತೆ ಮೊದಲಿನಿಂದ ಇರುವವನು. ಅವನು ಅಣ್ಣನ ಕಡೆ ನೋಡಿದ. ಆಮೇಲೆ ನೆಲ ನೋಡಿದ.

"ನಿನ್ನೆ ಸಂಜೆ" ಎಂದ.

ಭಾನುವಾರ ಬೆಳಿಗ್ಗೆ ಕರೆಂಟ್ ತೆಗೆಯುತ್ತಾರೆ ಎಂದು ಹಿಂದಿನ ದಿನವೇ ಗೊತ್ತಾಗಿತ್ತಂತೆ. ಜನರೇಟರ್ ಇಲ್ಲ, ಗ್ರೈಂಡರ್ ತಿರುಗುವುದಿಲ್ಲ, ನಾಲ್ಕು ಬ್ರಾಂಚಿಗೆ ಚಟ್ನಿ ಇಲ್ಲದಿದ್ದರೆ ಹೇಗೆ ಎಂದು ಗೋಪಾಲ ಸಂಜೆಯೇ ರುಬ್ಬಿ ಫ್ರಿಜ್ಜಿನಲ್ಲಿಟ್ಟ. ಆದರೆ ಕರೆಂಟಿನವರು ಬೆಳಗಿನವರೆಗೆ ಕಾಯಲಿಲ್ಲ, ರಾತ್ರಿಯೇ ತೆಗೆದಿದ್ದರು. ಬೆಳಿಗ್ಗೆ ಬಂದು ನೋಡಿದರೆ ಫ್ರಿಜ್ಜು ಬೆಚ್ಚಗಿತ್ತು. ವಾಸನೆ ಅಂಥದ್ದೇನೂ ಬರುತ್ತಿರಲಿಲ್ಲ. ಸಾಸಿವೆ, ಇಂಗು, ಕರಿಬೇವು ಹಾಕಿ ಹೊಸದಾಗಿ ಒಗ್ಗರಣೆ ಕೊಟ್ಟ. ಕದ್ದು ಸಾಗಿಸುವ ಉದ್ದೇಶ ಅವನಿಗಿರಲಿಲ್ಲ, ಅಣ್ಣನಿಗೆ ಹೇಳಿ, ಅವರು ಹೂಂ ಎಂದರೆ ಕಳಿಸೋಣ ಎಂದುಕೊಂಡಿದ್ದ.

"ಮತ್ತೆ ಯಾಕೆ ಹೇಳ್ಲಿಲ್ಲ?" ಅಣ್ಣ ಕೇಳಿದರು.

"ಹೇಳ್ಲಿಕ್ಕೆ ಬಂದೆ ಅಣ್ಣ. ಅಷ್ಟರಲ್ಲಿ ನೀವು ರುಚಿ ನೋಡಿ ಫಸ್ಟ್ ಕ್ಲಾಸ್ ಅಂದ್ರಿ. ಎಲ್ಲರೂ ನಿಂತಿದ್ರು. ಆಮೇಲೆ ಇದು ನಿನ್ನೇದು ಅಂತ ಹೇಗೆ ಹೇಳೋದು? ನಿಮಗೆ ಗೊತ್ತಾಗ್ಲಿಲ್ಲ ಅಂತ ಎಲ್ಲರ ಮುಂದೆ ಹೇಳಿದ ಹಾಗಲ್ವಾ?"

ಅಣ್ಣ ಪಕ್ಕದ ಅಕ್ಕಿ ಮೂಟೆಯ ಮೇಲೆ ಕೂತರು. ಆ ಮುಖ ನೋಡಲಾಗಲಿಲ್ಲ. ಬೈಗುಳ ಸುರಿಯುತ್ತದೆ, ಗೋಪಾಲನ ಕೆಲಸ ಅಲ್ಲೇ ಹೋಯಿತು ಎಂದುಕೊಂಡೆ. ಅವರು ಎದ್ದು ನಿಂತು ಹೇಳಿದ್ದು ಇಷ್ಟೇ. "ಎಲ್ಲಾ ಕಡೆ ಶಟರ್ ಎಳೆಯಲಿಕ್ಕೆ ಹೇಳು ಫ್ಲೇವಿಯಾ. ಆಮೇಲೆ ಯಾರು ಏನು ಮಾಡಬೇಕು, ಎಲ್ಲ ನೀನೇ ಹೇಳು. ನನಗೂ."

ಅವಳು ಕಣ್ಣೊರೆಸಿಕೊಂಡು ಹೇಳಿದಳು. ಒಬ್ಬ ಫೋನಿಗೆ. ಒಬ್ಬ ಟೇಬಲ್ಲುಗಳ ಹತ್ತಿರ ಹೋಗಿ, ತಿನ್ನುತ್ತಿರುವವರ ತಟ್ಟೆ ತೆಗೆದು, ಕಾರಣ ಮುಚ್ಚಿಡದೆ ಹೇಳಬೇಕು. ಒಂದು ಡಬ್ಬಿ ಚಟ್ನಿ ಪರೀಕ್ಷೆಗೆ ತೆಗೆದಿಟ್ಟು ಉಳಿದದ್ದೆಲ್ಲ ಚೆಲ್ಲಬೇಕು. ಈಗ ಸಾಲಿನಲ್ಲಿ ನಿಂತು ತಿಂದವರೆಲ್ಲ ಒಂದೇ ಕಡೆ ಕೂರಬೇಕು, ಯಾರೂ ಮನೆಗೆ ಹೋಗಬಾರದು. ಪ್ರತಿ ಬ್ರಾಂಚಿನ ಬಾಗಿಲಿಗೂ ಹಿಂದಿಯಲ್ಲಿ ಬರೆದು ಅಂಟಿಸಬೇಕು, ಇವತ್ತಿನ ಚಟ್ನಿ ಕೆಟ್ಟಿದೆ, ತಿಂದವರು ಡಾಕ್ಟರಿಗೆ ತೋರಿಸಿ, ನಮಗೆ ಫೋನ್ ಮಾಡಿ. "ಗೋಪಾಲಣ್ಣ, ನೀವು ನನ್ನ ಜೊತೆ ರೋಹಿಣಿಗೆ ಬನ್ನಿ. ಈಗ ಇಲ್ಲಿ ಹೇಳಿದ್ದನ್ನೇ ಡಾಕ್ಟರಿಗೆ ಹೇಳಿ." ಅಣ್ಣನೂ ಅದೇ ಕಾರಿನಲ್ಲಿ ಹೊರಟರು.

ನಾನು ಮೇಘಾಳನ್ನು ಎತ್ತಿಕೊಂಡೇ ಆಟೋ ಹಿಡಿದು ಹತ್ತಿರದ ಡಾಕ್ಟರ ಹತ್ತಿರ ಓಡಿದೆ. ದಾರಿಯಲ್ಲಿ ಎರಡು ಸಲ ವಾಂತಿ. ಏನು ತಿಂದಳು ಎಂಬುದಕ್ಕೆ ನನ್ನಲ್ಲಿ ಸರಿಯಾದ ಉತ್ತರ ಇತ್ತು. ಅದೊಂದೇ ಸಮಾಧಾನ. ಡ್ರಿಪ್ ಹಾಕಿದರು. ಸಂಜೆ ಹೊತ್ತಿಗೆ ಕಣ್ಣು ಬಿಟ್ಟು, ಕಾರ್ಟೂನ್ ಬೇಕೆಂದು ರಗಳೆ ತೆಗೆದಳು. ಆ ರಗಳೆಯನ್ನು ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಕೇಳಿಲ್ಲ.

ರೋಹಿಣಿಯ ನರ್ಸಿಂಗ್ ಹೋಮಿನಲ್ಲಿ ನಡೆದದ್ದನ್ನು ಆಮೇಲೆ ಫ್ಲೇವಿಯಾ ಹೇಳಿದಳು. ಮಗುವಿನ ಅಪ್ಪ ಅಣ್ಣನ ಕಾಲರ್ ಹಿಡಿದನಂತೆ. ಅಣ್ಣ ಬಿಡಿಸಿಕೊಳ್ಳಲಿಲ್ಲ. "ಗಲತಿ ಹಮಾರೀ ಹೈ. ಚಟ್ನೀ ಬಾಸೀ ಥೀ" ಎಂದರಂತೆ. ತಂಗಳು ಚಟ್ನಿ, ತಪ್ಪು ನಮ್ಮದು. ಹೇಳಿ ಸ್ವಲ್ಪ ಹೊತ್ತಿಗೆ ತಾವೇ ಗೋಡೆ ಹಿಡಿದು ಕುಸಿದರು. ಕುಡಿದ ಬಟ್ಟಲು ತನ್ನ ಕೆಲಸ ತೋರಿಸಿತ್ತು. ಮಕ್ಕಳ ವಾರ್ಡಿನಲ್ಲೇ ಒಂದು ಮಂಚ ಖಾಲಿ ಇತ್ತು, ಅದರಲ್ಲಿ ಮಲಗಿಸಿದರು. ಹುಟ್ಟುಹಬ್ಬದ ಮಗುವಿನ ಅಜ್ಜಿ ಎದ್ದು ಬಂದು, "ಅರೇ, ಆಪ್ ನೇ ಭೀ ವಹೀ ಖಾಯಾ?" ಎಂದು, ಅಂದರೆ ನೀವೂ ಅದನ್ನೇ ತಿಂದಿರಾ ಎಂದು ಕೇಳಿ, ತಾನೇ ನೀರು ಕುಡಿಸಿದಳಂತೆ. ಟಿವಿಯವರು ಬಂದರು. ಶಟರ್ ಮೇಲಿನ ಚೀಟಿಯನ್ನು ತೋರಿಸಿದರು. ಅದಕ್ಕಿಂತ ಹೆಚ್ಚು ಕೆದಕಲು ಅವರಿಗೆ ಏನೂ ಉಳಿದಿರಲಿಲ್ಲ. ಮಕ್ಕಳೆಲ್ಲ ಒಂದೆರಡು ದಿನದಲ್ಲಿ ಮನೆಗೆ ಹೋದವು. ಅಣ್ಣನೂ, ಸಾಲು ನಿಂತು ತಿಂದವರೂ ಸುಧಾರಿಸಿಕೊಂಡರು.

ಅವತ್ತಿನಿಂದ ನನ್ನನ್ನು ಕೊರೆಯುತ್ತಿರುವುದು ಇದು. ಆ ಅಡುಗೆಮನೆಯಲ್ಲಿ ಕೆಟ್ಟವರು ಯಾರಿದ್ದರು? ಗೋಪಾಲ ಅಣ್ಣನ ಮಾನ ಉಳಿಸಲು ಹೋದ. ಸಾಲು ನಿಂತವರು ಅಣ್ಣನ ಜೊತೆ ನಿಲ್ಲಲು ಹೋದರು. ಅಣ್ಣ ತನ್ನ ಹೋಟೆಲಿನ ಪರವಾಗಿ ವಿಷವನ್ನೇ ಕುಡಿದರು. ಎಲ್ಲರೂ ಒಳ್ಳೆಯವರು, ಎಲ್ಲರೂ ನಿಷ್ಠರು, ಮತ್ತು ಆ ನಿಷ್ಠೆಯ ಹೊತ್ತಿನಲ್ಲಿ ನಾಲ್ಕು ಬ್ರಾಂಚಿನಲ್ಲಿ ಚಟ್ನಿ ಬಡಿಸುತ್ತಲೇ ಇದ್ದರು. ತಂಡವನ್ನು ಕಾಪಾಡಿದ್ದು ಸಾಲಿಗೆ ಸೇರದ ಒಬ್ಬಳು.

ಹೋಟೆಲುಗಳನ್ನು ಬೈಯುವ ಅಗತ್ಯವೇನಿಲ್ಲ. ನಮ್ಮ ಸರ್ಕಾರಿ ಭವನಗಳಲ್ಲಿ ಸಾಹೇಬರ ಸಹಿ ಬಿದ್ದ ಫೈಲಿನಲ್ಲಿ ಕಾಗುಣಿತದ ತಪ್ಪನ್ನೂ ಯಾರೂ ತಿದ್ದುವುದಿಲ್ಲ. ಮನೆಯಲ್ಲಿ? ನನ್ನ ಗಂಡ ರಿಂಗ್ ರೋಡಿನಲ್ಲಿ ತಪ್ಪು ತಿರುವು ತೆಗೆದುಕೊಂಡರೆ ನಾವು ತಾಯಿ ಮಗಳು ಕಿಟಕಿ ಹೊರಗೆ ನೋಡುತ್ತಾ, ಕಾರು ತಾನಾಗಿ ಹರಿಯಾಣ ತಲುಪುವವರೆಗೂ ಸುಮ್ಮನಿರುತ್ತೇವೆ. ಭಾನುವಾರ ಯಾಕೆ ಜಗಳ, ಅಲ್ಲವೇ?

ಮೊನ್ನೆ ಹೋಟೆಲು ಮತ್ತೆ ತೆರೆದಿದೆ. ಫ್ರಿಜ್ಜಿನೊಳಗೆ ಥರ್ಮಾಮೀಟರ್ ಬಂದಿದೆ. ರುಚಿ ನೋಡುವ ಪದ್ಧತಿಯೂ ಇದೆ, ಆದರೆ ಈಗ ಅಣ್ಣ ಕೊನೆಗೆ ನೋಡುತ್ತಾರೆ. ಮೊದಲು ಗೋಪಾಲ ಯಾವಾಗ ರುಬ್ಬಿದ್ದು ಎಂದು ಗಟ್ಟಿಯಾಗಿ ಹೇಳಬೇಕು, ಆಮೇಲೆ ಉಳಿದವರು ಒಬ್ಬೊಬ್ಬರೇ ಅಭಿಪ್ರಾಯ ಹೇಳಬೇಕು. ಎಲ್ಲರ ಮಾತು ಮುಗಿದ ಮೇಲೆ ಅಣ್ಣನ ಅಂಗೈ.

"ಎಲ್ಲ ಸರಿಹೋಯ್ತು ಅನ್ನು" ಎಂದೆ ಫ್ಲೇವಿಯಾಗೆ.

ಅವಳು ನಕ್ಕಳು. "ಅಷ್ಟು ಸುಲಭವಾ ಮೇಡಂ? ನಿನ್ನೆ ಅಣ್ಣ ಉಪ್ಪು ಜಾಸ್ತಿ, ಚೆಲ್ಲಿ ಅಂದ್ರು. ಗೋಪಾಲಣ್ಣ, ಇಲ್ಲ ಅಣ್ಣ, ಸರಿಯಾಗಿದೆ ಅಂದ್ರು. ಉಳಿದವರೂ ಹೌದು ಅಂದ್ರು. ಅಣ್ಣ ಮುಖ ಊದಿಸಿಕೊಂಡು ಹೊರಗೆ ಹೋದರು. ಸಂಜೆ ತನಕ ಒಬ್ಬರ ಹತ್ರನೂ ಮಾತಿಲ್ಲ."

"ಆಮೇಲೆ?"

"ಆಮೇಲೆ ಏನು? ವ್ಯಾನು ಹೊರಟಿತು. ಇವತ್ತು ಬೆಳಿಗ್ಗೆ ಗೋಪಾಲಣ್ಣ ಎಂದಿನ ಹಾಗೆ ಕೆಲಸಕ್ಕೆ ಬಂದರು."

ಎಲ್ಲರೆದುರು 'ಇಲ್ಲ ಅಣ್ಣ' ಎಂದವನು ಮರುದಿನವೂ ಎಂದಿನ ಹಾಗೆ ಕೆಲಸಕ್ಕೆ ಬರಬಹುದಾದ ಜಾಗ, ನಿಮಗೆ ಗೊತ್ತಿರುವುದು ಎಷ್ಟಿದೆ?