ಎಂಜಿನ್ ಹಿಡಿದುಕೊಂಡ ದಿನ

ಕಳೆದ ತಿಂಗಳು ನನ್ನ ಬೈಕಿಗೆಂದು ತರಿಸಿದ್ದ ಹೊಸ ಸಿಲಿಂಡರಿನ ಡಬ್ಬ ಬಿಚ್ಚಿದೆ. ಸುತ್ತಿದ್ದ ಎಣ್ಣೆ ಕಾಗದ ತೆಗೆದೊಡನೆ, ಆಗಷ್ಟೇ ಕೊರೆದ ಕಬ್ಬಿಣದ ವಾಸನೆ ಮೂಗಿಗೆ ಬಡಿಯಿತು. ತುಸು ಸುಟ್ಟ ಎಣ್ಣೆಯದು, ತುಸು ಅಂಗೈಯಲ್ಲಿ ಬೆವೆತ ನಾಣ್ಯದ್ದು... ಈಗ ಇವೆಲ್ಲ ಒಳಗೆ ಅಗಲವಾಗಿ ಕೊರೆದ ದೊಡ್ಡ ಬೋರಿನೊಂದಿಗೇ ತಯಾರಾಗಿ ಬರುತ್ತವೆ. ಕೊರೆದವರು ಯಾರೋ, ಗೊತ್ತಾಗುವುದಿಲ್ಲ. ನನಗೆ ಮಾತ್ರ ಬೋರಿಂಗ್ ಮಾಮನ ನೆನಪಾಯಿತು.

ಎಗ್ಮೋರ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಮಾಮ ನಮ್ಮ ಸಂಬಂಧಿಯಲ್ಲ. ಅವರೂ ಕುಂದಾಪುರದ ಕಡೆಯವರು ಅನ್ನುವಷ್ಟೇ ನಂಟು. ಹೋಟೆಲ್ ಕೆಲಸಕ್ಕೆಂದು ಈ ತಮಿಳು ಊರಿಗೆ ಬಂದವರು ಒಲೆಯ ಮುಂದೆ ನಿಲ್ಲಲಾರದೆ ಪುದುಪೇಟೆಯ ಲೇತ್ ಅಂಗಡಿ ಸೇರಿಕೊಂಡರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅಲ್ಲೇ ಅವರದೊಂದು ಬೋರಿಂಗ್ ಅಂಗಡಿಯಿತ್ತು. ಸವೆದ ಸಿಲಿಂಡರನ್ನು ಒಳಗಿನಿಂದ ಕೊರೆದು, ನುಣುಪು ಮಾಡಿ, ಇನ್ನಷ್ಟು ದಪ್ಪದ ಪಿಸ್ಟನ್ ಕೂರಿಸುವುದು ದಿನದ ಕೆಲಸ. ರೇಸಿನ ಹುಡುಗರು ಬರುತ್ತಿದ್ದುದು ಬೇರೆ ಆಸೆಗೆ. ಸವೆಯದ ಸಿಲಿಂಡರನ್ನೇ ಕೊರೆಸಿ, ಸಿಸಿ ಹೆಚ್ಚಿಸಿಕೊಂಡು, ಹೊಗೆಯೆಬ್ಬಿಸುತ್ತ ಹೋಗುತ್ತಿದ್ದರು. ಬೆಳಿಗ್ಗೆ ನಮ್ಮಲ್ಲಿ ಕಾಫಿ ಕುಡಿಯುತ್ತ ಅಪ್ಪನೊಂದಿಗೆ ಊರಿನ ಯಕ್ಷಗಾನದಾಟ, ತಾಳಮದ್ದಳೆಯ ಮಾತು ಮುಗಿಸಿಯೇ ಮಾಮ ಅಂಗಡಿ ತೆರೆಯುತ್ತಿದ್ದುದು.

ಕಾಲೇಜಿನಲ್ಲಿದ್ದಾಗ ನನಗೂ ರೇಸಿನ ಹುಚ್ಚು ಹಿಡಿಯಿತು. ಹೆಣ್ಣುಮಗಳಿಗೆ ಇದೆಲ್ಲ ಯಾಕೆಂದು ಅಪ್ಪ ಸುತರಾಂ ಒಪ್ಪಲಿಲ್ಲ. ಮಾಮನೇ ಮಧ್ಯೆ ಬಂದು, "ಬಿಡಣ್ಣ, ರಸ್ತೆ ಮೇಲೆ ಹಾರೂದ್ಕಿಂತ ಮೈದಾನ್ದಗೆ ಓಡ್ಸೂದ್ ಒಳ್ಳೇದ್," ಅಂದರು. ಅಪ್ಪ ಮಣಿದರು. ನನ್ನ ಬೈಕಿನ ಸಿಲಿಂಡರನ್ನು ಮಾಮ ತಾವೇ ಕೊರೆದರು. ಮುಗಿದ ಮೇಲೆ ಅದನ್ನು ಬಾಗಿಲ ಬೆಳಕಿಗೆ ಹಿಡಿದು, "ಇಕಾ ಕಾಣ್ ಮಗಾ, ಕನ್ನಡಿ ಕಂಡಂಗಿತ್ತ್," ಅಂದರು. ಅಂಥ ಹೆಮ್ಮೆಯನ್ನು ನಾನು ಅವರ ಮುಖದಲ್ಲಿ ಮತ್ತೆ ಕಾಣಲಿಲ್ಲ.

ಊರಾಚೆಯ ಮೈದಾನದಲ್ಲಿ ಅಭ್ಯಾಸ ಮಾಡುತ್ತಿದ್ದೆ. ನೇರ ದಾರಿಯಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಿದ್ದಾಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ಎಂಜಿನ್ ಒಮ್ಮೆಲೇ ಹಿಡಿದುಕೊಂಡಿತು. ಹಿಂದಿನ ಚಕ್ರ ತಿರುಗುವುದು ನಿಂತದ್ದಷ್ಟೇ ನೆನಪು... ಎಚ್ಚರವಾದಾಗ ಕೀಲ್ಪಾಕಿನ ಆಸ್ಪತ್ರೆಯಲ್ಲಿದ್ದೆ. ಭುಜದ ಎಲುಬು ಮುರಿದಿತ್ತು, ಮಣಿಕಟ್ಟೂ ಮುರಿದಿತ್ತು.

ಎಂಜಿನ್ ಬಿಸಿಯಾಗುವ ಮೊದಲೇ ಹುಡುಗಿ ಜೋರು ಮಾಡಿದಳು ಎಂದು ಮೈದಾನದಲ್ಲಿದ್ದವರೆಲ್ಲ ತೀರ್ಮಾನಿಸಿದ್ದರು. ಇನ್ನು ಬೈಕಿನ ಹೆಸರೆತ್ತಬಾರದು ಎಂದು ಅಪ್ಪ ಅಪ್ಪಣೆ ಮಾಡಿಬಿಟ್ಟರು. ನೋವಿಗಿಂತ ಅದೇ ನನಗೆ ದೊಡ್ಡದಾಗಿತ್ತು. ಅಷ್ಟು ಕಷ್ಟಪಟ್ಟು ಕಲಿತದ್ದು ನನ್ನದೇ ಅವಸರದಿಂದ ಹಾಳಾಯಿತು ಎಂದು ನಾನೂ ನಂಬಿಕೊಂಡಿದ್ದೆ.

ಮನೆಗೆ ಬಂದ ಮೇಲೆ ಒಂದು ಸಂಜೆ ಮಾಮ ಬಂದರು. ಅವರೇ ಎಂಜಿನ್ ಬಿಚ್ಚಿ ನೋಡಿದ್ದರು.

"ಅಣ್ಣ, ಹೆಣ್ಣಿನ್ ತಪ್ಪ್ ಎಂತದೂ ಇಲ್ಲೆ. ತಪ್ಪ್ ನಂದ್," ಅಂದರು. "ಈ ನಮೂನಿ ಪಿಸ್ಟನ್ ಬಿಸಿಗೆ ಜಾಸ್ತಿ ಉಬ್ಬತ್ತ್. ನಾನ್ ಹಳೇ ಪಿಸ್ಟನ್ನಿಗ್ ಬಿಟ್ಟಷ್ಟೇ ಗ್ಯಾಪ್ ಬಿಟ್ಟೆ. ಅದ್ಕೇ ಹಿಡ್ಕಂಡದ್ದ್."

ಅಪ್ಪ ಕೂತಲ್ಲಿಂದಲೇ ಕೇಳಿದರು: "ಬೇರೆ ಯಾರಿಗಾರೂ ಗೊತ್ತಿತ್ತಾ ಇದ್?"

"ಇಲ್ಲೆ. ಯಾರಿಗೂ ಗೊತ್ತಾತಿಲ್ಲೆ. ಅದ್ಕೇ ನಾನೇ ಬಂದೆ."

"ಆಯ್ತ್. ಇನ್ನ್ ಹೋಗ್."

ಮಾಮ ನನ್ನ ಕಡೆ ಒಮ್ಮೆ ನೋಡಿ ಹೊರಟುಹೋದರು. ಊಟದ ಹೊತ್ತಿಗೆ ಅಪ್ಪ ತಟ್ಟೆಯಿಂದ ಮುಖವೆತ್ತದೆ ಹೇಳಿದರು: "ಕೈ ಸರಿಯಾದ್ಮೇಲೆ ಓಡ್ಸೂದಾರೆ ಓಡ್ಸ್. ಅವ್ನ್ ಅಂಗ್ಡಿಗ್ ಮಾತ್ರ ಹೋಪೂದ್ ಬೇಡ." ಆ ಒಂದು ಮಾತಿನಿಂದ ನನ್ನ ಬದುಕು ನನಗೆ ವಾಪಸು ಸಿಕ್ಕಿತು. ಅದನ್ನು ಕೊಡಿಸಿದವರು ಮಾತ್ರ ಕಾಫಿಗೆ ಬರುವುದನ್ನು ನಿಲ್ಲಿಸಿಬಿಟ್ಟರು.

ರೇಸಿನ ಹುಡುಗರಿಗೂ ಮಾಮನೇ ವಿಷಯ ಹೇಳಿದ್ದರಂತೆ. ಒಬ್ಬೊಬ್ಬರಾಗಿ ಆ ಹುಡುಗರೂ ಅಂಗಡಿಗೆ ಬರುವುದು ಬಿಟ್ಟರು. ಮುಂದೊಮ್ಮೆ ಅಪ್ಪನಿಗೆ ತಿಳಿಸದೆ ನಾನು ಹೊಸ ಸಿಲಿಂಡರ್ ಹಿಡಿದು ಪುದುಪೇಟೆಗೆ ಹೋದೆ. ಹಾಲಿನವರ, ನೀರಿನ ಕ್ಯಾನಿನವರ ಸವೆದ ಮೊಪೆಡ್ಡುಗಳ ಕೆಲಸವಷ್ಟೇ ಅಲ್ಲಿ ಉಳಿದಿತ್ತು. ಮಾಮ ಕೈ ಒರೆಸಿಕೊಂಡು ಸಿಲಿಂಡರ್ ತೆಗೆದುಕೊಂಡರು, ಒಳಗೆ ಬೆರಳಾಡಿಸಿದರು, ಹಾಗೆಯೇ ಹಿಂದಕ್ಕೆ ಕೊಟ್ಟರು.

"ನಿಂದ್ ನಾನ್ ಮುಟ್ಟೂದಿಲ್ಲೆ ಮಗಾ."

"ಎಲ್ಲರಿಗೂ ಒಂದ್ಸಲ ತಪ್ಪತ್ತ್ ಮಾಮ."

"ತಪ್ಪತ್ತ್. ಆರೆ ಬಿದ್ದದ್ ನೀನಲ್ದಾ?"

ಸಿಲಿಂಡರನ್ನು ಚೀಲಕ್ಕೆ ಹಾಕಿಕೊಂಡು ವಾಪಸು ಬಂದೆ. ಆಮೇಲೆ ನಾನು ಎಷ್ಟೋ ರೇಸು ಓಡಿಸಿದೆ, ಕೆಲವನ್ನು ಗೆದ್ದೆ. ಈಗ ಅದೇ ಮೈದಾನದಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತೇನೆ. ಪುದುಪೇಟೆಯ ದಾರಿಯಾಗಿ ಹೋದಾಗಲೆಲ್ಲ ಮಾಮನನ್ನು ಮಾತಾಡಿಸುತ್ತಿದ್ದೆ. ಇತ್ತೀಚೆಗೆ ಆ ಕಡೆ ಹೋಗುವುದೇ ಅಪರೂಪವಾಗಿತ್ತು...

ಡಬ್ಬ ಬಿಚ್ಚಿದ ಮರುದಿನ ಪುದುಪೇಟೆಗೆ ಹೋದೆ. ಅಂಗಡಿಯ ಶಟರ್ ಎಳೆದಿತ್ತು. ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯವರು ತಮಿಳಿನಲ್ಲಿ, ಅವರು ಹೋಗಿ ಕೆಲವು ತಿಂಗಳಾಯಿತಮ್ಮ, ನಿಮಗೆ ಯಾರೂ ಹೇಳಲಿಲ್ಲವೇ ಅಂದರು. ಜ್ವರವೆಂದು ಮಲಗಿದವರು ಮತ್ತೆ ಏಳಲಿಲ್ಲವಂತೆ. ಹೆಂಡತಿ ಊರಿಗೆ ಹೋದರಂತೆ.

ಹೋಟೆಲಿಗೆ ಬಂದು ಗಲ್ಲಾದಲ್ಲಿ ಕೂತಿದ್ದ ಅಪ್ಪನಿಗೆ ಹೇಳಿದೆ. ಅಷ್ಟು ವರ್ಷಗಳಲ್ಲಿ ನಾವಿಬ್ಬರೂ ಆ ಹೆಸರೆತ್ತಿದ್ದು ಅದೇ ಮೊದಲು. ಅಪ್ಪ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅವತ್ತ್ ಅವ್ನ್ ನಿಂತ್ಕಂಡೇ ಮಾತಾಡಿ ಹೋದ," ಅಂದರು. "ಕೂಕೋ ಅಂದೇಳಿ ನಾನ್ ಒಂದ್ ಮಾತ್ ಅಂದಿಲ್ಲೆ."

ಗಿರಾಕಿಯೊಬ್ಬರು ಬಿಲ್ಲು ಹಿಡಿದು ಕಾಯುತ್ತಿದ್ದರು. ಅಪ್ಪ ಅವರತ್ತ ನೋಡಲಿಲ್ಲ.